ಎಬ್ಬಿಸುವವರು ಮೂವರು

"ಮೇಷ್ಟ್ರೇ, ಮೂರರಲ್ಲಿ ಯಾವುದನ್ನ ಇಟ್ಕೊಳ್ಳೋದು, ಯಾವುದನ್ನ ಬಿಡೋದು?" ಎಂದು ಚಂದ್ರಕಲಾ ಕೇಳಿದಳು.

ಕರಿಬಸವಯ್ಯ ಮೇಷ್ಟ್ರು ಕೇಳಿದ ತಕ್ಷಣ ಉತ್ತರ ಕೊಡುವವರಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಕಂಪ್ಯೂಟರ್ ಪಾಠ ಹೇಳಿದವರು. ಊರೂರಿನ ಶಾಲೆಗಳಿಗೂ ಗ್ರಂಥಾಲಯಗಳಿಗೂ ಪುಕ್ಕಟೆಯಾಗಿ ಹಂಚಲು ಕಂಪ್ಯೂಟರನ್ನು ನಡೆಸುವ ಒಂದು ಲಿನಕ್ಸ್ ವ್ಯವಸ್ಥೆ ಕಟ್ಟಿ, ಅದಕ್ಕೆ ಹೊಂಗೆ ಎಂದು ಹೆಸರಿಟ್ಟವರು. ಕಣ್ಣಿಗೆ ಪೊರೆ ಬಂದ ಮೇಲೆ ಹೊಂಗೆಯ ಹೊಣೆಯನ್ನು ಶಿಷ್ಯೆ ಚಂದ್ರಕಲಾಗೆ ಒಪ್ಪಿಸಿ, ತಾವು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಕೇಳಿದವರಿಗೆ ಮಾತ್ರ ಬುದ್ಧಿ ಹೇಳುತ್ತಿದ್ದರು. ಕೇಳದವರಿಗೆ ಕಾಫಿ ಕೊಟ್ಟು ಕಳಿಸುತ್ತಿದ್ದರು.

ಪ್ರಶ್ನೆ ಸಣ್ಣದಾಗಿರಲಿಲ್ಲ. ಕಂಪ್ಯೂಟರಿನ ಗುಂಡಿ ಒತ್ತಿದಾಗ ಒಂದು ಪ್ರೋಗ್ರಾಂ ಎಲ್ಲಕ್ಕಿಂತ ಮೊದಲು ಏಳುತ್ತದೆ. ತಾನು ಎದ್ದು ಉಳಿದದ್ದನ್ನೆಲ್ಲ ಎಬ್ಬಿಸುತ್ತದೆ. ಗಡಿಯಾರ, ನೆಟ್‌ವರ್ಕ್, ಪ್ರಿಂಟರ್, ಕೊನೆಗೆ ಕಣ್ಣಿಗೆ ಕಾಣುವ ಪರದೆ. ಹೊಂಗೆಯಲ್ಲಿ ಈ ಕೆಲಸಕ್ಕೆ ಮೂರು ಪ್ರೋಗ್ರಾಂಗಳಿದ್ದವು. ಒಂದು ಹಳೆಯದು, ಒಂದು ಹೊಸದು, ಒಂದು ಚಿಕ್ಕದು. ಬೇಕಾದವರು ಬೇಕಾದ್ದನ್ನು ಆರಿಸಿಕೊಳ್ಳಬಹುದಿತ್ತು. ಕೇಳಲು ಚೆನ್ನ. ಆದರೆ ಹೊಂಗೆಗೆ ಏನನ್ನು ಹೊಸದಾಗಿ ಸೇರಿಸಿದರೂ ಅದನ್ನು ಎಬ್ಬಿಸುವ ಕ್ರಮವನ್ನು ಮೂರು ಸಲ, ಮೂರು ರೀತಿಯಲ್ಲಿ ಬರೆಯಬೇಕಿತ್ತು. ಬರೆಯುವವರು ಒಂಬತ್ತೇ ಜನ. ಎಲ್ಲರೂ ಹೊಟ್ಟೆಪಾಡಿನ ಕೆಲಸ ಮುಗಿಸಿ ಸಂಜೆ ಕೂರುವವರು. ಅವರಲ್ಲಿ ಇಬ್ಬರು, ಹೀಗೇ ಆದರೆ ನಮ್ಮನ್ನು ಬಿಟ್ಟುಬಿಡಿ ಎಂದು ಹೇಳಿಯೂ ಆಗಿತ್ತು. ಭಾನುವಾರ ಸಭೆ. ಅಂದು ಚಂದ್ರಕಲಾ ತೀರ್ಮಾನ ಹೇಳಬೇಕು. ಎಲ್ಲ ಇರಲಿ ಎಂದರೆ ಬರೆಯುವವರು ಹೋಗುತ್ತಾರೆ. ಒಂದೇ ಸಾಕು ಎಂದರೆ ಯಾವ ಊರಿನ ಯಾವ ಹಳೆಯ ಯಂತ್ರ ಏಳದೆ ಕೂರುತ್ತದೋ ಗೊತ್ತಿಲ್ಲ. ಮೇಷ್ಟ್ರು ಕೈಗಿಟ್ಟದ್ದನ್ನು ತಾನು ಒಡೆದೆ ಎನ್ನಿಸಿಕೊಳ್ಳುವ ಭಯ ಅವಳಿಗೆ.

"ಬಳಸೋರನ್ನೇ ಕೇಳ್ದೆ ಮೇಷ್ಟ್ರೇ. ಸಾವಿರದ ಮೇಲೆ ಜನ ಉತ್ತರ ಕೊಟ್ರು. ಹಳೇದು ಬೇಕು ಅಂದೋರು ಮೂವತ್ತು ಜನಾನೂ ಇಲ್ಲ. ಚಿಕ್ಕದು ಬೇಕು ಅಂದೋರು ಇನ್ನೂ ಕಮ್ಮಿ. ಹೊಸದೊಂದೇ ಸಾಕು ಅಂತ ಬರೆದಿಟ್ಟಿದೀನಿ. ಆದ್ರೂ ಮನಸ್ಸು ಒಪ್ತಿಲ್ಲ."

"ಮಿಕ್ಕೋರು ಏನಂದ್ರು?"

"ಅದೇನು ಅಂತಾನೇ ಗೊತ್ತಿಲ್ಲ ಅಂದ್ರು. ಗುಂಡಿ ಒತ್ತಿದ್ರೆ ಏಳುತ್ತೆ, ಅಷ್ಟು ಸಾಕು ಅಂದ್ರು."

ಮೇಷ್ಟ್ರಿಗೆ ನಗು ಬಂತು. ನಕ್ಕು, ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಈ ಕತೆ ಹೇಳಿದರು.

ಒಂದು ಘಟ್ಟದ ಬುಡದಲ್ಲಿ ಒಂದು ಛತ್ರವಿತ್ತು. ಘಟ್ಟದ ಮೇಲಿನ ಕ್ಷೇತ್ರಕ್ಕೆ ನಡೆದು ಹೋಗುವವರು ಅಲ್ಲಿ ತಂಗುತ್ತಿದ್ದರು. ಛತ್ರ ಕಟ್ಟಿಸಿದ ಪುಣ್ಯಾತ್ಮರು ಒಂದೇ ಒಂದು ಕಟ್ಟಳೆ ಮಾಡಿ ಹೋಗಿದ್ದರು. ಹಸಿದ ಹೊಟ್ಟೆಯಲ್ಲಿ ಯಾರೂ ಘಟ್ಟ ಹತ್ತಬಾರದು. ಆದ್ದರಿಂದ ಬೆಳಕು ಹರಿಯುವ ಹೊತ್ತಿಗೆ ಗಂಜಿ ಸಿದ್ಧವಿರಬೇಕು, ಗಂಜಿ ಬಡಿಸಿದ ಮೇಲೆಯೇ ಹೆಬ್ಬಾಗಿಲು ತೆಗೆಯಬೇಕು.

ಗಂಜಿ ತಾನಾಗಿ ಬೇಯುವುದಿಲ್ಲ. ಮೊದಲು ನೀರು ಸೇದುವವಳು ಏಳಬೇಕು. ನೀರು ಬಂದ ಮೇಲೆ ಒಲೆ ಹಚ್ಚುವವನಿಗೆ ಕೆಲಸ. ಒಲೆ ಹತ್ತಿದ ಮೇಲೆ ಅಡುಗೆಯವನಿಗೆ. ಗಂಜಿ ಬೆಂದ ಮೇಲೆ ಬಡಿಸುವವಳಿಗೆ. ಎಲ್ಲ ಆದ ಮೇಲೆ ಬಾಗಿಲಿನವನಿಗೆ. ಈ ಐವರಿಗಿಂತ ಮುಂಚೆ ಇನ್ನೊಬ್ಬರು ಏಳಬೇಕಿತ್ತು. ಐವರನ್ನೂ ಎಬ್ಬಿಸುವವರು.

ಎಬ್ಬಿಸುವವರು ಆ ಛತ್ರದಲ್ಲಿ ಮೂವರಿದ್ದರು.

ಒಬ್ಬ ಮುದುಕ. ಒಂದು ಕದ ತಟ್ಟಿದರೆ, ಒಳಗಿನವರು ಎದ್ದು, ಮುಖ ತೊಳೆದು, ಕೆಲಸಕ್ಕೆ ಕೈ ಹಾಕುವವರೆಗೂ ಅಲ್ಲೇ ನಿಂತಿರುವನು. ಆಮೇಲೆ ಮುಂದಿನ ಕದ. ನಿಧಾನ. ಆದರೆ ಅವನು ಬಂದು ಹೋದ ಮೇಲೆ ಯಾರು ಎದ್ದಿದ್ದಾರೆ, ಯಾರು ಇಲ್ಲ ಎಂಬ ಅನುಮಾನ ಯಾರಿಗೂ ಉಳಿಯುತ್ತಿರಲಿಲ್ಲ.

ಇನ್ನೊಬ್ಬಳು ಹೆಂಗಸು. ಆಕೆಗೆ ಹಿಂದು ಮುಂದು ಎಂಬುದಿಲ್ಲ. ಎಲ್ಲರನ್ನೂ ಎಬ್ಬಿಸಿ ನಡುಮನೆಯಲ್ಲಿ ಕೂರುವಳು. ನೀರೇ ಬಂದಿಲ್ಲವಲ್ಲ ಎಂದು ಒಲೆಯವನು ಮಗ್ಗುಲಾದರೆ ಮತ್ತೆ ಎಬ್ಬಿಸುವಳು. ಅವನು ಮತ್ತೆ ಮಗ್ಗುಲಾದರೆ ಈಕೆ ಮತ್ತೆ. ಅವನು ಮಲಗುವುದು ಬಿಡುತ್ತಿರಲಿಲ್ಲ, ಈಕೆ ಎಬ್ಬಿಸುವುದು ಬಿಡುತ್ತಿರಲಿಲ್ಲ. ಅಷ್ಟರಲ್ಲಿ ನೀರು ಬರುತ್ತಿತ್ತು.

ಮೂರನೆಯವನು ಪಟ್ಟಣದಿಂದ ಬಂದವನು. ಕಂಬಕ್ಕೆ ಗಂಟೆ ಕಟ್ಟಿಸಿದ್ದ. ಒಂದು ಸಲ ಹೊಡೆದರೆ ಐವರೂ ಒಟ್ಟಿಗೆ ಏಳಬೇಕು. ಯಾರು ಯಾರಿಗೆ ಕಾಯಬೇಕು ಎಂಬುದನ್ನು ಅವನು ಮೊದಲೇ ಹೇಳಿಕೊಟ್ಟಿದ್ದ. ನೀರು ಬರುವ ಹೊತ್ತಿಗೆ ಒಲೆಯವನು ಸೌದೆ ಜೋಡಿಸಿ ಕೂತಿರುತ್ತಿದ್ದ, ಅಡುಗೆಯವನು ಅಕ್ಕಿ ತೊಳೆಯಲು ಕೈ ಚಾಚಿರುತ್ತಿದ್ದ. ಇವನ ದಿನ ಗಂಜಿ ಎರಡು ಗಳಿಗೆ ಮೊದಲೇ ಆಗುತ್ತಿತ್ತು. ಆದರೆ ಇವನು ಗಂಟೆಗೆ ತೃಪ್ತನಾಗಲಿಲ್ಲ. ಉಗ್ರಾಣದ ಬೀಗದ ಕೈ ತಾನು ಇಟ್ಟುಕೊಂಡ. ದೀಪದ ಎಣ್ಣೆ ತಾನು ಅಳೆದ. ಬಂದವರು ಹೋದವರ ಹೆಸರನ್ನೂ ತಾನೇ ಬರೆದುಕೊಂಡ. ಗಂಟೆ ಹೊಡೆಯಲು ಬಂದವನಿಗೆ ಊರ ಉಸಾಬರಿ ಯಾಕೆ ಎಂದು ಐವರೂ ಗೊಣಗುತ್ತಿದ್ದರು. ಗೊಣಗುತ್ತಲೇ ಬೇಗ ಆದ ಗಂಜಿಯನ್ನು ಬೇಗ ಕುಡಿಯುತ್ತಿದ್ದರು.

ಒಂದು ಛತ್ರಕ್ಕೆ ಮೂವರು ಯಾಕೆ? ಯಾಕೆಂದರೆ ಅಲ್ಲಿನ ಪಾರುಪತ್ಯಗಾರನಿಗೆ ಯಾರನ್ನೂ ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ. ಒಳ್ಳೆಯ ಮನುಷ್ಯ. ಛತ್ರದ ಕಟ್ಟಳೆಯನ್ನು ತನ್ನ ಉಸಿರೆಂದು ನಡೆಸಿಕೊಂಡು ಬಂದವನು. ಆದರೆ ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ತಾವಿಲ್ಲ ಎಂಬ ಗಾದೆ ಅವನಂಥವರನ್ನು ನೋಡಿಯೇ ಹುಟ್ಟಿದ್ದು. ಮೂವರಿಗೂ ಸರದಿ ಹಾಕಿದ್ದ. ಒಂದೊಂದು ಪಕ್ಷಕ್ಕೆ ಒಬ್ಬೊಬ್ಬರು. ಹುಣ್ಣಿಮೆಯ ಮರುದಿನ ಒಬ್ಬರು ಬಿಟ್ಟರೆ ಇನ್ನೊಬ್ಬರು ಹಿಡಿಯಬೇಕು, ಅಮಾವಾಸ್ಯೆಯ ಮರುದಿನ ಮತ್ತೊಬ್ಬರು. ಹೀಗಾಗಿ ಕೆಲಸದ ಐವರೂ ಏಳುವುದನ್ನು ಮೂರು ರೀತಿಯಲ್ಲಿ ಕಲಿಯಬೇಕಾಯಿತು. ಮುದುಕನ ಪಕ್ಷದಲ್ಲಿ ಕದ ತಟ್ಟುವವರೆಗೆ ಅಲುಗಬಾರದು. ಗಂಟೆಯ ಪಕ್ಷದಲ್ಲಿ ಸದ್ದಾದ ಕೂಡಲೇ ಓಡಬೇಕು. ಹೆಂಗಸಿನ ಪಕ್ಷದಲ್ಲಿ ಕರೆದಾಗಲೆಲ್ಲ ಓಗೊಡಬೇಕು. ನೀರು ಸೇದುವವಳಂತೂ ಕನಸಿನಲ್ಲಿಯೂ ಇವತ್ತು ಯಾರದು ಎಂದು ಕೇಳುತ್ತಿದ್ದಳಂತೆ.

ಒಂದು ಸಲ ಅಮಾವಾಸ್ಯೆ ಎರಡು ದಿನ ಹರಡಿಕೊಂಡಿತು. ತಿಥಿ ಹಿಂದಿನ ಸಂಜೆ ಹಿಡಿದು ಮರುದಿನ ಸಂಜೆಗೆ ಬಿಟ್ಟಿತು. ಮುದುಕ ಮೊದಲ ದಿನವನ್ನು ಅಮಾವಾಸ್ಯೆ ಎಂದು ಎಣಿಸಿ, ನನ್ನ ಸರದಿ ಮುಗಿಯಿತು ಎಂದುಕೊಂಡ. ಗಂಟೆಯವನು ಎರಡನೆಯ ದಿನವನ್ನು ಎಣಿಸಿ, ನನ್ನದು ನಾಳೆಯಿಂದ ಎಂದುಕೊಂಡ. ಅಂದು ಯಾರೂ ಕದ ತಟ್ಟಲಿಲ್ಲ, ಯಾರೂ ಗಂಟೆ ಹೊಡೆಯಲಿಲ್ಲ. ಐವರೂ ಎಚ್ಚರಾದರೂ, ಕರೆ ಬರಲಿ ಎಂದು ಕಾಯುತ್ತಾ ಮಲಗಿದ್ದರು. ಕಾದು ಕಾದು ಬೇಸತ್ತ ಹನ್ನೊಂದು ಜನ ಯಾತ್ರಿಕರು ಹಿತ್ತಲ ಬಾಗಿಲಿನಿಂದ ಹೊರಟು ಹಸಿದೇ ಘಟ್ಟ ಹತ್ತಿದರು.

ಪಾರುಪತ್ಯಗಾರ ಅಂದು ತಾನೂ ಊಟ ಮಾಡಲಿಲ್ಲ. ಇನ್ನು ಒಬ್ಬರನ್ನೇ ಉಳಿಸಿಕೊಳ್ಳುತ್ತೇನೆ, ಕಟ್ಟಳೆ ಮತ್ತೆ ತಪ್ಪಬಾರದು ಎಂದು ನಿಶ್ಚಯ ಮಾಡಿದ. ಅದು ಸರಿಯಾದ ನಿಶ್ಚಯ. ಯಾರನ್ನು ಉಳಿಸಬೇಕು ಎಂದು ತಿಳಿಯಲು ಅವನು ಹಿಡಿದ ದಾರಿ ಮಾತ್ರ ತಪ್ಪು. ಊಟದ ಸಾಲಿನಲ್ಲಿ ಕೂತವರನ್ನು ಕೇಳುತ್ತಾ ಹೋದ. ಎಬ್ಬಿಸುವವರು ಮೂವರಿದ್ದಾರೆ, ಯಾರು ಮೇಲು ಎಂದು.

ಒಬ್ಬ ವ್ಯಾಪಾರಿ ಬಾಯೊರೆಸಿಕೊಂಡು ಹೇಳಿದ. "ಎಬ್ಬಿಸೋರು ಅಂತ ಬೇರೆ ಇದ್ದಾರೇನು ಸ್ವಾಮಿ? ನಾವು ಕಣ್ಣು ಬಿಡೋ ಹೊತ್ತಿಗೆ ಗಂಜಿ ಬಿಸಿಯಾಗಿರುತ್ತೆ. ನಮಗೆ ಗೊತ್ತಿರೋದು ಅಷ್ಟೇ."

ಉಳಿದವರೂ ಅದನ್ನೇ ಹೇಳಿದರು. ಪಾರುಪತ್ಯಗಾರ ಲೆಕ್ಕ ಹಾಕಿದ. ಯಾರಿಗೂ ಗೊತ್ತೇ ಇಲ್ಲ ಎಂದರೆ ಯಾರಿದ್ದರೂ ಒಂದೇ. ಹಾಗಾದರೆ ಬೇಗ ಆಗುವುದನ್ನೇ ಇಟ್ಟುಕೊಳ್ಳೋಣ. ಮುದುಕನನ್ನೂ ಹೆಂಗಸನ್ನೂ ಕರೆದು, ನಿಮ್ಮನ್ನು ಬೇಕೆಂದು ಕೇಳಿದವರು ಯಾರೂ ಇಲ್ಲ, ಹೊರಡಿ ಎಂದ. ಬೇಡ ಎನ್ನಲು ಬಾಯಿ ಬರದವನಿಗೆ ಒಮ್ಮೆ ಬಾಯಿ ಬಂದರೆ ಹೀಗೆಯೇ. ಅವರಿಬ್ಬರೂ ಎದುರಾಡದೆ ಹೊರಟುಹೋದರು.

ಛತ್ರ ಚೆನ್ನಾಗಿ ನಡೆಯಿತು. ಇದನ್ನು ಮುಚ್ಚಿಡಬಾರದು. ಒಂದು ದಿನವೂ ಗಂಜಿ ತಡವಾಗಲಿಲ್ಲ. ಐವರಿಗೂ ಒಂದೇ ರೀತಿ ಏಳುವುದು ರೂಢಿಯಾಯಿತು. ನೀರು ಸೇದುವವಳ ಕನಸುಗಳೂ ನೆಟ್ಟಗಾದವು.

ಎರಡು ತಿಂಗಳಾದ ಮೇಲೆ, ಕ್ಷೇತ್ರದಿಂದ ಹಿಂದಿರುಗುತ್ತಿದ್ದ ಒಬ್ಬ ಬಳೆಗಾರ ಛತ್ರಕ್ಕೆ ಬಂದು ಪಾರುಪತ್ಯಗಾರನಿಗೆ ಅಡ್ಡಬಿದ್ದ.

"ನಿಮ್ಮ ಋಣ ಹೇಗೆ ತೀರಿಸಲಿ ಬುದ್ಧಿ? ಹೋದ ವರ್ಷ ಅರ್ಧ ಘಟ್ಟದಲ್ಲಿ ಜ್ವರ ಬಂದು ನಿಮ್ಮ ಮೇಲಿನ ಅರವಟ್ಟಿಗೇಲಿ ಬಿದ್ದಿದ್ದೆ. ಬೆಳಗ್ಗೆ ಬೆಳಗ್ಗೆ ಬಿಸಿ ಗಂಜಿ ಕೊಟ್ಟು ಉಳಿಸಿದ್ರು. ಅದನ್ನ ಹೇಳೋಕೇ ಬಂದೆ. ಈ ಸಲ ಮಾತ್ರ ಅಲ್ಲಿ ಒಲೆ ತಣ್ಣಗಿತ್ತು. ಒಬ್ಬಳು ಬಸುರಿ ಹಸಿದೇ ಹತ್ತಿದ್ಲು."

ಅರ್ಧ ಘಟ್ಟದಲ್ಲಿ ಛತ್ರಕ್ಕೆ ಸೇರಿದ ಒಂದು ಪುಟ್ಟ ಅರವಟ್ಟಿಗೆ ಇದ್ದದ್ದು ನಿಜ. ಕಾಲು ಸೋತವರಿಗೆ ನೀರು, ಕಾಯಿಲೆ ಬಿದ್ದವರಿಗೆ ನೆರಳು. ಅಲ್ಲಿದ್ದವರು ವಯಸ್ಸಾದ ಇಬ್ಬರು ಕೆಲಸದವರು. ಪಾರುಪತ್ಯಗಾರ ಅಲ್ಲಿಗೆ ಹೇಳಿ ಕಳಿಸಿ ವಿಚಾರಿಸಿದ. ನಮ್ಮನ್ನು ಎಬ್ಬಿಸಲು ಮುದುಕ ಬರುತ್ತಿದ್ದ, ಈಗ ಬರುತ್ತಿಲ್ಲ ಎಂದು ಉತ್ತರ ಬಂತು. ಸರದಿ ಇರಲಿ ಬಿಡಲಿ, ದಿನವೂ ಬರುತ್ತಿದ್ದನಂತೆ. ತನ್ನ ಪಕ್ಷದಲ್ಲಿ ಕೆಳಗಿನವರನ್ನು ಎಬ್ಬಿಸಿ ಆಮೇಲೆ ಘಟ್ಟ ಹತ್ತುತ್ತಿದ್ದನಂತೆ. ಮಾಡು ಎಂದು ಯಾರೂ ಹೇಳಿರಲಿಲ್ಲ. ಮಾಡುತ್ತಿದ್ದಾನೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಗಂಟೆಯವನನ್ನು ಕೇಳಿದರೆ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನನ್ನ ಗಂಟೆಗೆ ಕಂಬ ಬೇಕು, ಕಲಿಸಿದ ಐದು ಜನ ಬೇಕು. ಆ ಗುಡಿಸಲಿಗೆ ಅದು ಹೊಂದುವುದಿಲ್ಲ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಮರುದಿನ ಪಾರುಪತ್ಯಗಾರ ತಾನೇ ಹೋಗುವುದೆಂದು ಗೊತ್ತು ಮಾಡಿದ. ಗೊತ್ತು ಮಾಡಿದ ಮೇಲೆ ಒಂದು ತೊಡಕು ಕಂಡಿತು. ಎಲ್ಲರಿಗಿಂತ ಮೊದಲು ಏಳಬೇಕಾದವನನ್ನು ಎಬ್ಬಿಸುವವರು ಯಾರು? ಹೆಂಡತಿಗೆ ಹೇಳಿದರೆ ಅವಳಿಗೂ ಅದೇ ತೊಡಕು. ಕೊನೆಗೆ, ಎಚ್ಚರವಾಗದೆ ಹೋದೀತೆಂಬ ಅಳುಕಿನಲ್ಲಿ ನಿದ್ದೆ ಬಿಟ್ಟು ಬಿಟ್ಟು ಬಂತು. ಕೋಳಿ ಕೂಗುವ ಮೊದಲೇ ಎದ್ದು ಘಟ್ಟ ಹತ್ತಿದ. ಅರವಟ್ಟಿಗೆಯ ಕದ ತಟ್ಟಿ, ಒಬ್ಬ ಎದ್ದು ಮುಖ ತೊಳೆಯುವವರೆಗೆ ನಿಂತ. ಇನ್ನೊಬ್ಬನನ್ನು ತಟ್ಟಿ ಮತ್ತೆ ನಿಂತ. ಒಲೆ ಹತ್ತಿತು. ಗಂಜಿ ಬೆಂದಿತು. ಮಲಗಿದ್ದ ನಾಲ್ವರು ಯಾತ್ರಿಕರು ಎದ್ದು ಕುಡಿದು, ಗಂಜಿ ಕಾಯಿಸಿದವನಿಗೆ ಕೈ ಮುಗಿದು, ಮೂಲೆಯಲ್ಲಿ ಕೂತಿದ್ದ ಪಾರುಪತ್ಯಗಾರನನ್ನು ದಾಟಿಕೊಂಡು ಹೊರಟುಹೋದರು.

ಅವನಿಗೆ ಅಳು ಬಂತು. ಅವಮಾನಕ್ಕೆ ಬಂದ ಅಳುವಲ್ಲ. ಹದಿನೆಂಟು ವರ್ಷ ತಾನು ಕುಡಿದ ಗಂಜಿ ನೆನಪಾಯಿತು. ಅಷ್ಟು ಬೆಳಗುಗಳಲ್ಲಿ ತನಗಿಂತ ಮೊದಲು ಎದ್ದ ಜೀವ ಒಂದಿತ್ತು. ಚಳಿಯಲ್ಲಿ, ಮಳೆಯಲ್ಲಿ, ಮೈ ಸರಿಯಿಲ್ಲದ ದಿನ. ತಪ್ಪದೆ ಎದ್ದದ್ದರಿಂದಲೇ ಯಾರ ಕಣ್ಣಿಗೂ ಬೀಳಲಿಲ್ಲ. ಒಂದು ದಿನ ತಪ್ಪಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಇಂಥವರ ಉಪಕಾರ ಉಂಡು ಇವರನ್ನೇ ಹೊರಡಿ ಎಂದೆನಲ್ಲ ಎಂದುಕೊಂಡ. ಎಂದುಕೊಂಡು ಇಳಿದವನು ನೇರ ಮುದುಕನ ಊರಿಗೆ ಹೋದ.

ಮುದುಕ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ಪಾರುಪತ್ಯಗಾರ ಅವನ ಕಾಲು ಮುಟ್ಟಿ, ತಪ್ಪಾಯಿತು, ಬಾ, ಮೊದಲಿನ ಹಾಗೆ ಮೂವರಿಗೂ ಸರದಿ ಹಾಕುತ್ತೇನೆ ಎಂದ.

"ಬ್ಯಾಡಿ ಬುದ್ಧಿ," ಎಂದ ಮುದುಕ. "ದೊಡ್ಡ ಮನೆಗೆ ಗಂಟೆಯೇ ಸರಿ. ಐದು ಜನಕ್ಕೆ ಮೂರು ಪಾಠ ಹೇಳಿ ಅವರ ನಿದ್ದೆ ಕೆಡಿಸಿದ್ರಲ್ಲ, ತಪ್ಪು ಅದು. ಮೇಲಿರೋ ಇಬ್ಬರನ್ನ ನನಗೆ ಬಿಡಿ. ನನ್ನ ಕೈಲಾಗೋ ಗಂಟ ಎದ್ದು ಎಬ್ಬಿಸ್ತೀನಿ. ಕೈಲಾಗದ ದಿನ ಮುಂಚೇನೇ ಹೇಳಿ ಕಳಿಸ್ತೀನಿ. ಆವತ್ತು ಇನ್ಯಾರಾದ್ರೂ ಏಳ್ತೀನಿ ಅಂದ್ರೆ ಸರಿ. ಇಲ್ದಿದ್ರೆ ಕದ ಹಾಕಿ, ಇಲ್ಲಿ ಗಂಜಿ ಇಲ್ಲ ಅಂತ ಘಟ್ಟದ ಬುಡದಲ್ಲೇ ಹೇಳಿಬಿಡಿ. ಇದೆ ಅಂತ ನಂಬಿ ಹತ್ತಿದೋರು ಹಸಿಯೋದು ಬ್ಯಾಡ."

ಹಾಗೆಯೇ ಆಯಿತು. ದೊಡ್ಡ ಮನೆಗೆ ಗಂಟೆ ಉಳಿಯಿತು. ಅರವಟ್ಟಿಗೆಗೆ ಮುದುಕ ಹೋದ. ಆ ಹೆಂಗಸನ್ನೂ ಕರೆಸಿದರು. ಛತ್ರದಲ್ಲಿ ಕಾಯಿಲೆ ಬಿದ್ದವರಿಗೆಂದು ಇದ್ದ ಕೋಣೆಯಲ್ಲಿ ಅವರನ್ನು ನೋಡಿಕೊಳ್ಳುವವನು ಮೇಲಿಂದ ಮೇಲೆ ತೂಕಡಿಸುತ್ತಿದ್ದ. ಅವನ ಪಕ್ಕ ಕೂರುವುದಕ್ಕೆ ಆಕೆಗಿಂತ ಸರಿಯಾದವರು ಮೂರು ಲೋಕದಲ್ಲಿ ಇರಲಿಲ್ಲ. ಆದರೆ ಪಾರುಪತ್ಯಗಾರ ಅಷ್ಟಕ್ಕೇ ಬಿಡಲಿಲ್ಲ. ಅಂದಿನಿಂದ ಛತ್ರದಲ್ಲಿ ಎರಡನೆಯ ಕಟ್ಟಳೆ ಬಂತು. ಗಂಜಿ ಇಳಿಸಿದ ಕೂಡಲೇ ಮೊದಲ ಸೌಟು ಎಬ್ಬಿಸಿದವರಿಗೆ. ಅವರು ಕುಡಿದ ಮೇಲೆ ಯಾತ್ರಿಕರಿಗೆ. ಅದನ್ನು ಪಾರುಪತ್ಯಗಾರ ತಾನೇ ನಿಂತು ಬಡಿಸುತ್ತಿದ್ದ.

ಮೇಷ್ಟ್ರು ಕತೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು.

ಚಂದ್ರಕಲಾಗೆ ದಾರಿ ಕಂಡಿತು. ಈ ಮನುಷ್ಯನನ್ನು ಗುರುವಾಗಿ ಪಡೆದದ್ದು ತನ್ನ ಭಾಗ್ಯ ಎನ್ನಿಸಿತು. ಮೂರನ್ನೂ ಎಲ್ಲರ ತಲೆಗೆ ಕಟ್ಟಬೇಕಾಗಿಲ್ಲ. ಮೂರರಲ್ಲಿ ಎರಡನ್ನು ಹೊರಹಾಕಲೂ ಬೇಕಾಗಿಲ್ಲ. ಒಂಬತ್ತು ಜನರೂ ಹೊಸದಕ್ಕೆ ಮಾತ್ರ ಬರೆಯಲಿ. ಹಳೆಯದಕ್ಕೂ ಚಿಕ್ಕದಕ್ಕೂ ಬರೆದುಕೊಡುವವರು ಇರುವಷ್ಟು ದಿನ ಅವೂ ಇರಲಿ. ಇಲ್ಲವಾದ ದಿನ ಇಲ್ಲ ಎಂದು ಮುಂಚೆಯೇ ಹೇಳಿದರಾಯಿತು. ಬರೆದಿಟ್ಟ ತೀರ್ಮಾನವನ್ನು ಬ್ಯಾಗಿನಿಂದ ತೆಗೆದು ಅಡ್ಡಗೆರೆ ಎಳೆದಳು. ಬರೆಯುವ ಆ ಇಬ್ಬರು ಬಿಟ್ಟು ಹೋಗುವುದು ತಪ್ಪಿತು ಎಂಬ ಸಂತೋಷ ಅವಳ ಮುಖದಲ್ಲೇ ಇತ್ತು.

"ಹೊಸದರ ಬಗ್ಗೆ ಯೋಚನೆ ಇಲ್ಲ ಮೇಷ್ಟ್ರೇ. ಚಿಕ್ಕದನ್ನ ಯಾರು ನೋಡ್ಕೋತೀರಿ ಅಂತ ಭಾನುವಾರ ಕೇಳ್ತೀನಿ. ಹಳೇದನ್ನ ಕೇಳೋದೇ ಬೇಡ. ನಾನು ಹೊಂಗೆಗೆ ಬಂದಾಗಿನಿಂದ ನೋಡ್ತಿದೀನಿ, ಅದರ ರಿಪೇರಿಗಳು ಪ್ರತಿ ತಿಂಗಳೂ ಬರ್ತಾನೇ ಇವೆ. ಒಂದು ತಿಂಗಳೂ ತಪ್ಪಿಲ್ಲ."

"ಅದನ್ನ ಕಳಿಸೋರ ಹೆಸರೇನಮ್ಮ?" ಎಂದು ಮೇಷ್ಟ್ರು ಕೇಳಿದರು.

ಚಂದ್ರಕಲಾ ಬಾಯಿ ತೆರೆದಳು. ಹೆಸರು ಬರಲಿಲ್ಲ.